ಉಗುರು ಎಳೆದ ಮಡಿಕೆ

ಮರುಳಸಿದ್ದನೆಂಬ ಶಿಷ್ಯ ಗುರುಗಳ ಬಳಿ ಬಂದು ಕೇಳಿದ: "ಬುದ್ಧಿ, ತಗ್ಗಿ ನಡೆ ಎಂದು ಕಲಿಸಿದವರು ನೀವು. ನನ್ನದಲ್ಲದ ತಪ್ಪಿಗೆ ಹಿರಿಯ ಶಿಷ್ಯರೊಬ್ಬರು ಎಲ್ಲರೆದುರು ನನ್ನನ್ನು ಬೈದರು. ಎದುರಾಡದೆ ಅವರ ಕಾಲಿಗೆ ಬಿದ್ದೆ. ಮರುದಿನ ನಿಜ ತಿಳಿದು ಅವರೇ ನನ್ನ ಕೈ ಹಿಡಿದು ನೊಂದುಕೊಂಡರು. ಆದರೂ ನನ್ನೊಳಗೆ ಏನೋ ಮುರಿದಿದೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುವುದು ಸುಳ್ಳಲ್ಲ. ಬಗ್ಗಿದ್ದೇ ತಪ್ಪಾಯಿತೇ? ಮಠ ಬಿಟ್ಟು ಹೋಗೋಣ ಎನ್ನಿಸುತ್ತಿದೆ."

"ಇದು ನಡೆದದ್ದು ಯಾವಾಗ?"

"ಕಾರ್ತಿಕದಲ್ಲಿ, ಬುದ್ಧಿ."

"ಈಗ ವೈಶಾಖ ಬಂದಿದೆ," ಎಂದು ಗುರುಗಳು ನಕ್ಕರು. "ಹೋಗುವುದಾದರೆ ಹೋಗು. ಕಟ್ಟಿಹಾಕಲು ನೀನೇನು ಎತ್ತಲ್ಲ. ಒಂದು ಕತೆ ಕೇಳಿಕೊಂಡು ಹೋಗು."

ಒಂದು ಊರಿನಲ್ಲಿ ಗಂಡ ಹೆಂಡತಿ ಇದ್ದರು. ಗಂಡನದು ಸರ್ಕಿಟ್ ಮಾಡುವ ಕಸುಬು. ಗಟ್ಟಿ ಹಲಗೆಯ ಸರ್ಕಿಟ್ ಅಲ್ಲ, ಹಾಳೆಯ ಹಾಗೆ ಬಾಗುವಂಥದ್ದು. ತೆಳುವಾದ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕರೆಂಟು ಹರಿಯಲು ತಾಮ್ರದ ಗೆರೆಗಳು. ಹೆಂಡತಿ ಒರಿಗಾಮಿ ಬಲ್ಲವಳು. ಕತ್ತರಿ, ಅಂಟು ಮುಟ್ಟದೆ ಒಂದೇ ಕಾಗದವನ್ನು ಮಡಿಸಿ ಕೊಕ್ಕರೆ ಮಾಡುತ್ತಿದ್ದಳು, ಕಮಲ ಮಾಡುತ್ತಿದ್ದಳು. ಪ್ರತಿ ಮಡಿಕೆಯ ಮೇಲೂ ಹೆಬ್ಬೆರಳಿನ ಉಗುರನ್ನು ಒತ್ತಿ ಎಳೆಯುವುದು ಅವಳ ಪದ್ಧತಿ. ಎಂಥ ಖಡಕ್ ಮಡಿಕೆ ಎಂದು ನೋಡಿದವರೆಲ್ಲ ಹೊಗಳುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ?

ಅದೇ ಊರಿನಲ್ಲಿ ಒಬ್ಬ ಬಾಣಂತಿಯ ಹೃದಯ ತಾಳ ತಪ್ಪತೊಡಗಿತು. ಎದೆ ತೆರೆದರೆ ಅವಳು ಉಳಿಯುವಂತಿರಲಿಲ್ಲ. ವೈದ್ಯರು ಬಂದು ಈ ದಂಪತಿಗಳಿಗೆ ಹೇಳಿದರು: "ಸಣ್ಣ ಕೊಳವೆಯಲ್ಲಿ ಹೋಗುವಷ್ಟು ಚಿಕ್ಕದಾಗಿ ಮಡಿಸಿದ ಸರ್ಕಿಟ್ ಬೇಕು. ಅದು ಒಳಗೆ ಹೋಗಿ ಅರಳಿ ಹೃದಯದ ಮೇಲೆ ಕೂರಬೇಕು, ಅಲ್ಲಿಂದ ತಾಳ ಹಾಕಿಕೊಡಬೇಕು. ತಡವಾದರೆ ಕೂಸು ತಬ್ಬಲಿಯಾಗುತ್ತದೆ."

ಗಂಡ ಹಾಳೆ ಮಾಡಿದ. ಹೆಂಡತಿ ಮಡಿಸಿದಳು. ಬಿಚ್ಚಿ ಮೀಟರ್ ಹಚ್ಚಿದರೆ ಕರೆಂಟು ಹರಿಯಲಿಲ್ಲ. ಮಡಿಕೆಯ ಜಾಗದಲ್ಲಿ ತಾಮ್ರ ಕಡಿದಿತ್ತು. ಗಂಡ ತಾಮ್ರವನ್ನು ದಪ್ಪ ಮಾಡಿದ. ದಪ್ಪ ತಾಮ್ರ ಇನ್ನೂ ಬೇಗ ಕಡಿಯಿತು. ತೆಳ್ಳಗೆ ಮಾಡಿದ. ಅದೂ ಉಳಿಯಲಿಲ್ಲ.

"ನಿಮ್ಮ ತಾಮ್ರಕ್ಕೆ ಕಸುವಿಲ್ಲ," ಎಂದಳು ಹೆಂಡತಿ.

"ಕುಣಿಯಲಾರದವಳು ನೆಲ ಡೊಂಕು ಎಂದಳಂತೆ," ಎಂದ ಗಂಡ.

ಆ ದಿನ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಅತ್ತ ಬಾಣಂತಿಗೆ ಕೂಸನ್ನು ಎತ್ತಿಕೊಳ್ಳುವ ತ್ರಾಣವೂ ಉಳಿದಿರಲಿಲ್ಲ.

ಜಗಳ ಎಷ್ಟಾದರೂ ಕೆಲಸ ಬಿಡುವಂತಿರಲಿಲ್ಲ. ಮರುದಿನ ಹೆಂಡತಿ ಹೊಸ ಹಾಳೆಯ ಮೊದಲ ಮಡಿಕೆಯನ್ನು ಬಗ್ಗಿಸಿದ್ದಳಷ್ಟೇ, ಬಾಗಿಲಲ್ಲಿ ಯಾರೋ ಕರೆದರು. ಅವಳು ಎದ್ದು ಹೋದಳು. ಗಂಡ ಸುಮ್ಮನೆ ಕೂರಲಾರದೆ ಮೀಟರ್ ಹಚ್ಚಿ ನೋಡಿದ. ಕರೆಂಟು ಹರಿಯುತ್ತಿತ್ತು. ಅವಳು ಬಂದು ಕುಳಿತು, ರೂಢಿಯಂತೆ ಮಡಿಕೆಯ ಮೇಲೆ ಉಗುರು ಎಳೆದಳು. ಕರೆಂಟು ನಿಂತುಹೋಯಿತು.

"ಉಗುರು ಎಳೆಯಬೇಡ ಕಣೇ," ಎಂದ ಗಂಡ.

"ಎಳೆಯದಿದ್ದರೆ ಮಡಿಕೆ ನಿಲ್ಲುವುದಿಲ್ಲ, ರೀ."

"ಯಾಕೆ ನಿಲ್ಲಬೇಕು? ಒಳಗೆ ಹೋಗಿ ಬಿಚ್ಚಿಕೊಳ್ಳಬೇಕಾದ ಹಾಳೆ ಅದು."

ಹೆಂಡತಿಗೆ ದುಃಖವಾಯಿತು. ಕಾಗದದ ಕೊಕ್ಕರೆಗೆ ಮತ್ತೆ ಬಿಚ್ಚಿಕೊಳ್ಳುವ ಕೆಲಸವಿರಲಿಲ್ಲ. ಇಷ್ಟು ವರ್ಷ ಜನ ಹೊಗಳಿದ್ದೆಲ್ಲ ಈ ಉಗುರನ್ನೇ. ಎಳೆಯಬಾರದು ಎಂದುಕೊಂಡರೂ ಹೆಬ್ಬೆರಳು ತಾನಾಗಿ ಮಡಿಕೆಯ ಕಡೆ ಹೋಗುತ್ತಿತ್ತು. ಕಡೆಗೆ ಉಗುರನ್ನು ಬುಡದ ತನಕ ಕತ್ತರಿಸಿ, ಬೆರಳಿಗೆ ಬಟ್ಟೆ ಸುತ್ತಿಕೊಂಡು ಇನ್ನೊಂದು ಹಾಳೆ ಮಡಿಸಿದಳು. ಮಡಿಕೆಗಳು ಇಸ್ತ್ರಿ ಕಾಣದ ಬಟ್ಟೆಯ ಹಾಗೆ ಉಬ್ಬಿಕೊಂಡಿದ್ದವು. ಆದರೂ ಕೊಳವೆಯಲ್ಲಿ ಹಿಡಿಸಿತು.

"ಇದನ್ನು ಮಡಿಸಿದವಳು ನಾನೆಂದು ಯಾರಿಗೂ ಹೇಳಬೇಡಿ," ಎಂದಳು.

ಆ ಹಾಳೆ ಬಾಣಂತಿಯ ಎದೆಯೊಳಗೆ ಹೋಗಿ ಅರಳಿತು. ಗೆರೆ ಒಂದೂ ಕಡಿದಿರಲಿಲ್ಲ. ಹೃದಯ ತಾಳಕ್ಕೆ ಬಂತು. ಕೂಸು ತಾಯಿಯ ಮಡಿಲಲ್ಲೇ ಬೆಳೆಯಿತು.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ದನ ಮುಖ ಅರಳಿತು. "ಅರ್ಥವಾಯಿತು, ಬುದ್ಧಿ. ಬಗ್ಗಿದ್ದು ತಪ್ಪಲ್ಲ. ಹಿರಿಯರು ನನ್ನ ಮೇಲೆ ಉಗುರು ಎಳೆದರು, ಅದಕ್ಕೇ ಮುರಿದೆ."

"ಅವರು ಮಡಿಸಿದ್ದು ಒಂದೇ ಸಲ, ಮಗನೇ, ಅಂದಿನಿಂದ ದಿನವೂ ಅದರ ಮೇಲೆ ಉಗುರು ಎಳೆಯುತ್ತಿರುವ ಕೈ ಯಾರದು?"