ಬ್ರಹ್ಮಪುತ್ರ ಅಕ್ಕನಿಗೆ ಒಯ್ದ ಬಾಗಿನ

ಲೋಕವಿನ್ನೂ ಹಸಿಹಸಿಯಾಗಿತ್ತು. ಬ್ರಹ್ಮದೇವರು ಕಮಂಡಲವನ್ನು ಕೆಳಗಿಟ್ಟು ಕೈ ಕೂಡ ಒರೆಸಿಕೊಂಡಿರಲಿಲ್ಲ.

ಆಗ ಹಿಮಾಲಯದ ಆಚೆ ಮಗ್ಗುಲಲ್ಲಿ, ಟಿಬೆಟ್ ಎನ್ನುವ ಎತ್ತರದ ದೇಶದಲ್ಲಿ, ಎಳೆಯ ನದಿಯೊಬ್ಬನಿದ್ದ. ನದಿಗಳೆಲ್ಲ ಹೆಣ್ಣಾದರೆ ಇವನು ಗಂಡು. ಬ್ರಹ್ಮನ ಮಗ, ಬ್ರಹ್ಮಪುತ್ರ. ಅವನ ಅಕ್ಕ ಗಂಗೆಯನ್ನು ಬೆಟ್ಟದ ಈಚೆಗೆ, ದೂರದ ಸಮುದ್ರರಾಜನಿಗೆ ಕೊಟ್ಟು ಮದುವೆ ಮಾಡಿದ್ದರು.

ಗೌರಿ ಹಬ್ಬ ಹತ್ತಿರ ಬಂತು. ಗಾಳಿ ಓಡೋಡಿ ಬಂದು ಹೇಳಿತು: "ಇಲ್ಲೇ ಕೂತಿದ್ದೀಯಲ್ಲೋ! ಅಲ್ಲಿ ನಿನ್ನ ಅಕ್ಕನ ನಾದಿನಿಯರು, ಆ ಅಲೆಗಳು, 'ಎಲ್ಲಿ ಅತ್ತಿಗೆ ನಿಮ್ಮ ತವರಿನ ಬಾಗಿನ? ದಾರಿ ಮರೆತರೋ, ನಿಮ್ಮನ್ನೇ ಮರೆತರೋ?' ಅಂತ ಕಿಸಿಕಿಸಿ ನಗುತ್ತಿದ್ದಾರೆ."

ಬ್ರಹ್ಮಪುತ್ರ ದಡಕ್ಕನೆ ಎದ್ದ. ತವರಿನಲ್ಲಿ ಎಲ್ಲಕ್ಕಿಂತ ಚೆಂದದ್ದು ಯಾವುದು? ಬೆಣ್ಣೆಯಂಥ ಹಿಮ! ಅದನ್ನೇ ಮೊರದ ತುಂಬ ತುಂಬಿ, ಮೇಲೊಂದು ಮೊರ ಮುಚ್ಚಿ ಹೊರಟ.

"ಅಲ್ಲಿ ಸೆಕೆ ಜೋರಪ್ಪಾ," ಎಂದಿತು ಗಾಳಿ.

"ಸೆಕೆ ಅಂದರೆ?" ಎಂದ. ಪಾಪ, ಹುಟ್ಟಿದ ಮೇಲೆ ಅವನು ಸೆಕೆಯನ್ನೇ ಕಂಡವನಲ್ಲ.

ಅಕ್ಕನ ಮನೆ ತೆಂಕಲಿಗೆ. ಆದರೆ ತೆಂಕಲಿನ ಉದ್ದಕ್ಕೂ ಬೆಟ್ಟಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವು.

"ಮಾವಾ, ಸ್ವಲ್ಪ ಸರಿಯುತ್ತೀಯಾ? ಅಕ್ಕನ ಮನೆಗೆ ಹೋಗಬೇಕು."

"ಇಲ್ಲಿ ದಾರಿಯಿಲ್ಲ. ಮುಂದಿನ ಮನೆಯಲ್ಲಿ ಕೇಳು," ಎಂದಿತು ಒಂದು ಬೆಟ್ಟ.

ಮುಂದಿನದೂ ಅಷ್ಟೇ ಹೇಳಿತು. ಅದರ ಮುಂದಿನದೂ ಅಷ್ಟೇ. ಕೇಳುತ್ತ ಕೇಳುತ್ತ ಅವನು ಮೂಡಲಿಗೇ ಹೋದ, ಹೋದ, ಹೋಗುತ್ತಲೇ ಇದ್ದ. ಕೊನೆಯಲ್ಲಿ ನಾಮ್ಚಾ ಬರ್ವಾ ಎನ್ನುವ ದೊಡ್ಡ ಶಿಖರ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಎಲ್ಲಿಗೆ ಹೊರಟೆ ಮಾರಾಯಾ? ನಿನ್ನಕ್ಕನ ಮನೆ ಎಂದೋ ಹಿಂದೆ ಉಳಿಯಿತು! ಬಾ, ನನ್ನ ಸುತ್ತ ತಿರುಗಿ ಇಳಿ."

ತಿರುಗಿದ. ಇಳಿದ. ಇಳಿದದ್ದೇನು, ಬಿದ್ದ ಎನ್ನಬೇಕು! ಬಂಡೆಗೆ ಮೈ ಉಜ್ಜಿ, ಬೆಟ್ಟದ ಮಣ್ಣೆಲ್ಲ ಮೆತ್ತಿಕೊಂಡು ನಮ್ಮ ದೇಶಕ್ಕೆ ಬಂದ.

ಮನೆಯಲ್ಲೊಂದು ಹೆಸರು, ಶಾಲೆಯಲ್ಲೊಂದು ಹೆಸರು ಇರುವುದಿಲ್ಲವೇ? ಹಾಗೆ ಟಿಬೆಟಿನವರಿಗೆ ಅವನು ಸಾಂಗ್ಪೊ, ಅರುಣಾಚಲದವರಿಗೆ ಸಿಯಾಂಗ್. ಅಸ್ಸಾಮಿನ ಬಯಲಲ್ಲಿ ಮತ್ತೆ ಬ್ರಹ್ಮಪುತ್ರ.

ಆ ಬಯಲಲ್ಲೇ ಸೆಕೆ ಅಂದರೇನೆಂದು ತಿಳಿಯಿತು. ಮೊರ ತೆಗೆದು ನೋಡುತ್ತಾನೆ, ಹಿಮವೆಲ್ಲ ಕರಗಿ ನೀರು!

ಬರಿಗೈಯಲ್ಲಿ ಅಕ್ಕನ ಮನೆಗೆ ಹೋಗುವುದುಂಟೇ? ಅವನು ಹತ್ತು ಕವಲಾಗಿ ಒಡೆದು, ಈ ದಡ ಕೆದಕಿದ, ಆ ದಡ ಕೆದಕಿದ. ಬಲೆ ಒಣಹಾಕುತ್ತಿದ್ದ ರೂಪಹಿ ಎನ್ನುವ ಮುದುಕಿ ಗದರಿದಳು: "ಏನೋ ಅದು, ನನ್ನ ಗುಡಿಸಲ ಬುಡ ಕೆದಕುತ್ತೀ?"

"ಅಕ್ಕನಿಗೆ ಕೊಡಲು ಏನಾದರೂ ಬೇಕಿತ್ತಜ್ಜೀ. ತಂದದ್ದು ಕರಗಿಹೋಯಿತು."

ಮುದುಕಿ ಮೆತ್ತಗಾದಳು. "ಹುಚ್ಚಪ್ಪಾ! ತಮ್ಮ ಬಂದರೆ ಅಕ್ಕ ಮುಖ ನೋಡುತ್ತಾಳೋ, ಕೈ ನೋಡುತ್ತಾಳೋ? ಹಬ್ಬ ಕಳೆಯುವುದರೊಳಗೆ ಹೋಗು."

ಬ್ರಹ್ಮಪುತ್ರ ತೆಂಕಲಿಗೆ ತಿರುಗಿ ಬಾಂಗ್ಲಾದೇಶಕ್ಕೆ ಇಳಿದ. ಅಲ್ಲಿಯವರು ಅವನನ್ನು ಜಮುನಾ ಎಂದರು. ಅಕ್ಕ ಹೊಸಿಲಲ್ಲೇ ಕಾಯುತ್ತಿದ್ದಳು. ಅಲೆಗಳು ಇಣುಕಿದವು. "ಓಹೋ, ಬಂದ ತಮ್ಮ! ಮೊರ ಖಾಲಿ, ಮೈಯೆಲ್ಲ ಕೆಸರು!"

ಬ್ರಹ್ಮಪುತ್ರ ತಲೆ ತಗ್ಗಿಸಿದ. ಗಂಗೆ ಅವನ ಕೈ ಹಿಡಿದಳು. ಕೆಸರನ್ನು ಮೂಸಿದಳು. ಅವಳ ಕಣ್ಣು ತುಂಬಿತು.

"ಇದು ನನ್ನ ತವರಿನ ಮಣ್ಣಲ್ಲವೇನೋ ತಮ್ಮಾ!"

ಅವಳು ಅವನ ಮೈಯಿಂದ ಮಣ್ಣು ತೊಳೆದು ತೆಗೆದು ಬಾಗಿಲ ಮುಂದೆ ಹರವಿದಳು. ಭಾವ ಸಮುದ್ರರಾಜ ತಾನೇ ಎದ್ದು ಹಿಂದೆ ಸರಿದು ಜಾಗ ಬಿಟ್ಟ. ಹರವಿದಲ್ಲೆಲ್ಲ ಹೊಸ ನೆಲ ಎದ್ದಿತು, ಭತ್ತ ತೂಗಿತು. ಅಲೆಗಳು ಬಾಯಿ ಮುಚ್ಚಿಕೊಂಡು ಬಂದು ಅತ್ತಿಗೆಯ ಕಾಲು ಮುಟ್ಟಿದವು.

ಅಂದಿನಿಂದ ಬ್ರಹ್ಮಪುತ್ರ ಬಾಗಿನಕ್ಕೆ ಹಿಮ ತುಂಬುವುದನ್ನು ಬಿಟ್ಟ, ಮಣ್ಣನ್ನೇ ಒಯ್ಯುತ್ತಾನೆ. ಮಗು, ಭೂಪಟ ಬಿಡಿಸಿ ನೋಡು, ಮೂಡಲಿಗೆ ಹೋಗಿ ಮೊಣಕೈ ಮಡಿಸಿದಂತೆ ತಿರುಗಿದ ಅವನ ದಾರಿ ಕಾಣುತ್ತದೆ. ಗೌರಿ ಹಬ್ಬದ ಹೊತ್ತಿಗೆ ನಮ್ಮೂರ ಹೊಳೆಯೂ ಕೆಂಪಗೆ ತುಂಬಿ ಓಡುತ್ತದಲ್ಲ, ಅದೂ ತವರಿನ ಮಣ್ಣು ಹೊತ್ತು ಯಾವುದೋ ಅಕ್ಕನ ಮನೆಗೆ ಹೊರಟದ್ದೇ.