ಅಡಿವೆಯ್ಯ ಮಾಸ್ತರರೂ ಹಗೇವಿನ ಗಾಳಿಯೂ

ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ, ನನ್ನಜ್ಜನಿಗೂ ಗೊತ್ತಿರಲಿಲ್ಲ. ಎರೆಹೊಲಗಳ ನಡುವೆ ಒಂದೂರಿತ್ತು, ಆ ಊರಿಗೊಬ್ಬರು ಅಡಿವೆಯ್ಯ ಮಾಸ್ತರಿದ್ದರು. ಮೂಸಿ ನೋಡಿಯೇ ಗಾಳಿಯ ತೂಕ ಹೇಳುತ್ತಿದ್ದರಂತೆ. ಇರಲಿಕ್ಕಿಲ್ಲ ಬಿಡಿ, ನಾನೂ ಕಾಲೇಜು ಓದಿದವನೇ. ಆದರೆ ಈ ಕತೆ ಹೇಳುವಾಗ ಹಾಗೇ ಹೇಳಬೇಕು.

ಆ ಊರಿನವರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವು ಅಂದರೆ ನೆಲದೊಳಗೆ ತೋಡಿದ ಎರಡಾಳುದ್ದದ ಕಣಜ, ಬಾಯಿಗೊಂದು ಚಪ್ಪಡಿ ಕಲ್ಲು. ಬಹಳ ದಿನ ಮುಚ್ಚಿದ್ದರೆ ಒಳಗಿನ ಗಾಳಿ ಕೆಟ್ಟು ವಿಷವಾಗುತ್ತದೆ. ಅದನ್ನು ತೆರೆಯಲು ನಡುಮಧ್ಯಾಹ್ನವೇ ಶುಭವೆಂದು ಹಿರಿಯರ ನಂಬಿಕೆ. ಕಲ್ಲು ಸರಿಸುವುದು, ಇಳಿಯುವುದು. ಎರಡು ಮೂರು ವರ್ಷಕ್ಕೊಬ್ಬರು ಮೇಲೆ ಬರುತ್ತಿರಲಿಲ್ಲ. ಹಗೇವು ಬಲಿ ಬೇಡಿತು ಅನ್ನುತ್ತಿದ್ದರಂತೆ.

ಮಾಸ್ತರು ಶಾಲೆಯಲ್ಲಿ ತಂಬಿಗೆಯ ಬಾಯಿಗೆ ಫುಗ್ಗ, ಅದೇ ಬಲೂನು, ಕಟ್ಟಿ ಕುದಿನೀರಲ್ಲಿ ಇಟ್ಟರಂತೆ. ಫುಗ್ಗ ಉಬ್ಬಿ ಎದ್ದು ನಿಂತಿತಂತೆ.

"ಮಾಸ್ತರ, ತಂಬಿಗಿ ಬಸುರಾತು ನೋಡ್ರಿ!" ಅಂದನಂತೆ ಚಂದ್ರಾಮ, ತರಗತಿಗೇ ಜಾಣ.

ಮಾಸ್ತರು ನಕ್ಕು ಹೇಳಿದರಂತೆ: "ಕಾದ ಗಾಳಿ ಹಿಗ್ಗತದ, ಹಗುರಾಗಿ ಮ್ಯಾಲ ಏರತದ. ತಣ್ಣನ ಗಾಳಿ ಭಾರ, ಕೆಳಗ ಇಳೀತದ. ಬಿಸಿಲಾಗ ಹಗೇವು ತೆಗದರ ಒಳಗಿನ ಭಾರದ ಗಾಳಿ ಅಲ್ಲೇ ಕೂಡತದ. ಸಂಜೀಗಿ ಕಲ್ಲು ಸರಿಸಿ ಬಿಡ್ರಿ. ಇರುಳಿನ ತಂಪು ಗಾಳಿ ಇಳದು ಕೆಟ್ಟದ್ದನ್ನ ಎಬ್ಬಸತದ. ಮುಂಜಾನೆ ದೀಪ ಇಳಿಬಿಟ್ಟು, ಅದು ಉರದ್ರಷ್ಟ ಇಳೀರಿ."

ಚಂದ್ರಾಮ ಅಕ್ಷರ ತಪ್ಪದೆ ಒಪ್ಪಿಸಿದನಂತೆ. ಪರೀಕ್ಷೆಯಲ್ಲೂ ಪೂರ್ತಿ ಅಂಕವಂತೆ.

ಚಂದ್ರಾಮ ಬೆಳೆದ, ಮದುವೆಯಾದ. ಒಂದು ದಿನ ಅವರ ಮನೆಯ ಹಗೇವು ತೆರೆದರು. ನಡುಮಧ್ಯಾಹ್ನವೇ. ಮಾಸ್ತರು ಓಡಿ ಬಂದು ಎಲ್ಲರಿಗೂ ಕೈಮುಗಿದರಂತೆ.

"ಕಾಕಾ, ಇವತ್ತೊಂದಿನ ತೆರೆದಿಡೂಣು, ನಾಳೆ ಇಳೀತೀನಿ" ಅಂದ ಚಂದ್ರಾಮ.

"ಸಾಲಿ ಕಲತು ಅಂಜುಬುರುಕ ಆದ್ಯಲ್ಲೋ! ಬಳಿ ತೊಟ್ಟುಗೋ" ಅಂದನಂತೆ ಕಾಕಾ.

ಹೆಂಡತಿಯ ತವರಿನವರು ಅಲ್ಲೇ ನಿಂತಿದ್ದರು. ಚಂದ್ರಾಮ ಒಮ್ಮೆ ಮಾಸ್ತರ ಮುಖ ನೋಡಿ, ತಲೆ ತಗ್ಗಿಸಿ, ಇಳಿದನಂತೆ.

ಒಂದು ಬುಟ್ಟಿ ಜೋಳ ಮೇಲೆ ಬಂತು. ಎರಡನೆಯದಕ್ಕೆ ಹಗ್ಗ ಅಲುಗಲಿಲ್ಲ.

ಆಮೇಲೆ ಮಾಸ್ತರು ಪಾಠವನ್ನೇ ಬಿಟ್ಟರು ಅನ್ನುತ್ತಾರೆ ಕೆಲವರು. ಇಲ್ಲ, ಸಾಯುವ ತನಕ ಅದೊಂದೇ ಪಾಠ ಮಾಡಿದರು ಅನ್ನುತ್ತಾರೆ ಇನ್ನು ಕೆಲವರು. "ಅಂವಗ ಗೊತ್ತಿತ್ತು. ಗೊತ್ತಿದ್ದೂ ಇಳದ. ಇನ್ನೇನು ಕಲಸ್ಲಿ?" ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದರಂತೆ.

ಈಗಲೂ ಆ ಊರಲ್ಲಿ ಹಗೇವು ತೆರೆಯುವ ಮೊದಲು ಅಡಿವೆಯ್ಯ ಮಾಸ್ತರ ಹೆಸರು ಹೇಳಿ ಕಾಯಿ ಒಡೆಯುತ್ತಾರೆ. ನಾನೇ ಕಣ್ಣಾರೆ ಕಂಡಿದ್ದೇನೆ. ಬಲು ಭಕ್ತಿಯಿಂದ ಒಡೆಯುತ್ತಾರೆ, ನಿಂತವರಿಗೆಲ್ಲ ಚೂರು ಹಂಚುತ್ತಾರೆ. ಹೊತ್ತು ನೆತ್ತಿಗೆ ಬಂತೇ ಎಂದು ಒಮ್ಮೆ ಮೇಲೆ ನೋಡುತ್ತಾರೆ. ಕಲ್ಲು ಸರಿಸುತ್ತಾರೆ. ಇಳಿಯುತ್ತಾರೆ.