ಕೆಸರುಗಾಲಿನ ಕಟ್ಟೆ

ಚೌರಾಪುರದ ಕೆರೆ ಏರಿಯ ಮೇಲೆ, ಹೊಂಗೆ ಮರದ ಕೆಳಗೆ, ಒಂದು ಕಲ್ಲುಕಟ್ಟೆ ಇದೆ. ಮೊಣಕಾಲೆತ್ತರ, ಮೂವರು ಒತ್ತಾಗಿ ಕೂರಬಹುದು. ಶಿಲುಬೆಯಿಲ್ಲ, ಶಾಸನವಿಲ್ಲ. ಆದರೂ ಊರಿನ ಚರ್ಚಿಗೆ ಹೋಗುವವರು ಮೊದಲು ಇದನ್ನು ಮುಟ್ಟಿ ಶಿಲುಬೆ ಗುರುತು ಹಾಕಿಕೊಳ್ಳುತ್ತಾರೆ. ಇದರ ಹೆಸರು ಕೆಸರುಗಾಲಿನ ಕಟ್ಟೆ. ಏರಿಯ ಮೇಲೆ ಮಳೆಗಾಲದಲ್ಲೂ ಕೆಸರು ನಿಲ್ಲುವುದಿಲ್ಲ. ಹೆಸರು ಬಂದ ಬಗೆ ಬೇರೆ.

ಹಿಂದೆ ಒಮ್ಮೆ, ಪಟೇಲರ ಆಡಳಿತವಿದ್ದ ಕಾಲದಲ್ಲಿ, ದ್ಯಾವಯ್ಯ ಎಂಬ ಪರವೂರಿನವನು ಈ ಕೆರೆಯಂಚಿಗೆ ಬಂದು ಗುಡಿಸಲು ಹಾಕಿದನಂತೆ. ಮೈಮೇಲೆ ಬಿಳಿ ಮಚ್ಚೆ ಎದ್ದಿದ್ದರಿಂದ ಅವನ ಊರಿನವರೇ ಅವನನ್ನು ಹೊರಗೆ ಹಾಕಿದ್ದರು. ದಾರಿಯ ಊರುಗಳೂ ಅಟ್ಟಿದ್ದವು. ಬತ್ತುತ್ತಿದ್ದ ಕೆರೆಯಲ್ಲಿ ಇಳಿದು ತಾವರೆಗೆಡ್ಡೆ ಕಿತ್ತು ಬೇಯಿಸಿ ತಿನ್ನುತ್ತಿದ್ದನು. ಪಟೇಲ ಚಿನ್ನಪ್ಪ ಕೆಟ್ಟವನಲ್ಲ, ಅಂಜುಬುರುಕ. ಯೇಸುಸ್ವಾಮಿ ಸತ್ತು ಮರಳಿ ಎದ್ದ ಪಾಸ್ಖ ಹಬ್ಬದೊಳಗೆ ಜಾಗ ಖಾಲಿ ಮಾಡಬೇಕೆಂದು ದೂರದಿಂದಲೇ ಕೂಗಿ ಹೇಳಿದ್ದನು. ದ್ಯಾವಯ್ಯನಿಗೆ ಹೋಗಲು ಇನ್ನೊಂದು ಊರು ಉಳಿದಿರಲಿಲ್ಲ.

ಹಬ್ಬಕ್ಕೆ ಮೊದಲಿನ ಗುರುವಾರ, ಯೇಸುಸ್ವಾಮಿ ಶಿಷ್ಯರ ಪಾದ ತೊಳೆದ ನೆನಪಿಗೆ, ಚರ್ಚಿನ ಗುರುಗಳು ಹನ್ನೆರಡು ಮಂದಿಯ ಪಾದ ತೊಳೆದು ಮುತ್ತಿಡುವುದು ವಾಡಿಕೆ. ನೀರು ಹೊಯ್ಯುವ ಹಕ್ಕು ಪಟೇಲನದು. ಪಾದ ತೊಳೆಸಿಕೊಂಡವರಿಗೆ ಪಟೇಲನ ಮನೆಯಲ್ಲಿ ಊಟ. ಅಂದಿನಿಂದ ಅವರು ಆ ಮನೆಯ ನಂಟರು. ಆ ಸಲ ಕುಳಿತವರೆಲ್ಲ ಗುರುಗಳೆದುರು ಮಾನ ಹೋಗಬಾರದೆಂದು ಸೀಗೆಪುಡಿ ಹಾಕಿ, ಇಟ್ಟಿಗೆ ಚೂರಿನಿಂದ ಹಿಮ್ಮಡಿ ತಿಕ್ಕಿ ಬಂದಿದ್ದರು. ಕೊನೆಯವನವರೆಗೂ ಬೋಗುಣಿಯ ನೀರು ತಿಳಿಯಾಗಿಯೇ ಇತ್ತು. ಮುದಿ ಗುರುಗಳು ನೀರನ್ನು ನೋಡಿದರು, ಕಾಲುಗಳನ್ನು ನೋಡಿದರು.

“ಒಂದಾದರೂ ಕೊಳೆ ಕಾಲು ತನ್ನಿರಪ್ಪ.”

“ಹನ್ನೆರಡು ಮಂದಿ ಮುಗಿದರಲ್ಲ ಸ್ವಾಮಿ,” ಎಂದ ಚಿನ್ನಪ್ಪ.

“ಮುಗಿದರು. ನಾನು ಮಾತ್ರ ಯಾರ ಕಾಲನ್ನೂ ತೊಳೆದಿಲ್ಲ.”

ಹೆಂಗಸರ ಸಾಲಿನಿಂದ ಪಟೇಲನ ತಾಯಿ ಲೂರ್ದಮ್ಮ, “ಕೆರೆಯಲ್ಲಿ ಒಬ್ಬ ಇದ್ದಾನೆ. ಕೊಳೆಗೇನೂ ಕೊರತೆಯಿಲ್ಲ,” ಎಂದಳು. ಗುರುಗಳು ಬೋಗುಣಿ ಎತ್ತಿಕೊಂಡು ಹೊರಟೇಬಿಟ್ಟರು. ಹಕ್ಕು ಬಿಡಲಾಗದೆ ಚಿನ್ನಪ್ಪ ತಂಬಿಗೆ ಹಿಡಿದು ಹಿಂದೆ ಹೋದನು. ಅವನ ಹಿಂದೆ ಊರು.

ಜನ ಬರುವುದನ್ನು ಕಂಡ ದ್ಯಾವಯ್ಯ, ಅಟ್ಟಲು ಬಂದರೆಂದೇ ತಿಳಿದು ಗಂಟು ಕಟ್ಟತೊಡಗಿದನು. ಗುರುಗಳು ಅವನನ್ನು ಈ ಕಟ್ಟೆಯ ಮೇಲೆ ಕೂರಿಸಿದರು.

“ಬೇಡ ಬುದ್ಧಿ, ಮೈ ಬೆಳ್ಳಗಾಗಿದೆ. ಅಂಟೀತು.”

“ನನ್ನ ಗಡ್ಡವೂ ಬೆಳ್ಳಗಾಗಿದೆ. ಇವರ್ಯಾರಿಗಾದರೂ ಅಂಟಿದೆಯೇನೋ?”

ಮೊಣಕಾಲವರೆಗೆ ಮೆತ್ತಿ ಒಣಗಿದ್ದ ಕೆಸರು ಗುರುಗಳ ಮುದಿ ಕೈಗೆ ಬಗ್ಗಲಿಲ್ಲ. ನೀರು ಹೊಯ್ದು ಹೊಯ್ದು ತಂಬಿಗೆ ಬರಿದಾಯಿತು. ಕೊನೆಗೆ ಚಿನ್ನಪ್ಪ ಅದನ್ನು ಕೆಳಗಿಟ್ಟನು. ಕಣ್ಣು ಮುಚ್ಚಿಕೊಂಡು ಕುಳಿತು ತಾನೇ ಅಂಗಾಲನ್ನು ಉಜ್ಜಿದನು. “ಅಯ್ಯೋ ಬುದ್ಧಿ, ಕಚಗುಳಿ!” ಎಂದು ದ್ಯಾವಯ್ಯ ಕಾಲು ಝಾಡಿಸಿದ. ಕೆಸರು ನೀರು ಪಟೇಲನ ಮುಖಕ್ಕೆ ಹಾರಿತು. ಯೇಸುಸ್ವಾಮಿಯ ಸಾವನ್ನು ನೆನೆಯುವ, ನಗಬಾರದ ವಾರ ಅದು. ಮೊದಲು ನಕ್ಕವನು ಪಟೇಲನೇ ಎನ್ನುತ್ತಾರೆ. ಆಮೇಲೆ ಊರಿಗೆ ಊರೇ ನಕ್ಕಿತು. ಗುರುಗಳು ಬಾಗಿ ಆ ಪಾದಕ್ಕೆ ಮುತ್ತಿಟ್ಟರು. ಚಿನ್ನಪ್ಪ ಮುಖ ಒರೆಸಿಕೊಳ್ಳದೆ ತಾನೂ ಬಾಗಿದನು.

“ನಂಟನಾದನಲ್ಲ, ಇನ್ನು ಹೋಗು ಅನ್ನುತ್ತೀಯಾ?” ಎಂದಳು ಲೂರ್ದಮ್ಮ.

“ಅನ್ನುವುದಿಲ್ಲಮ್ಮ. ಹೋಗಿ ಎಲೆ ಹಾಕಿಸು.”

ಬಂದವನು ಸಾಕ್ಷಾತ್ ಯೇಸುಸ್ವಾಮಿ, ಊಟವಾದ ಮೇಲೆ ಮಾಯವಾದ ಎಂದು ಪಕ್ಕದೂರಿನವರು ಹೇಳುವುದುಂಟು. ಚೌರಾಪುರದವರು ಮೊದಲ ಮಾತನ್ನು ಒಪ್ಪುತ್ತಾರೆ, ಎರಡನೆಯದನ್ನು ಒಪ್ಪುವುದಿಲ್ಲ. ಮಾಯವಾಗಿದ್ದರೆ, ಪಟೇಲನ ಮನೆಯ ಸಾರಿಗೆ ಉಪ್ಪು ಸಾಲದೆಂದು ಮುದುಕನಾಗುವವರೆಗೂ ಗೊಣಗಿದವನು ಯಾರು ಎಂದು ಕೇಳುತ್ತಾರೆ.

ಇಂದಿಗೂ ಆ ಗುರುವಾರ ಹನ್ನೆರಡು ಮಂದಿಯೂ ತಮ್ಮ ಹೆಂಡತಿಯರಿಂದ ಬೈಸಿಕೊಂಡು, ಕೆಸರುಗಾಲಿನಲ್ಲೇ ಗದ್ದೆಯಿಂದ ನೇರವಾಗಿ ಬರುತ್ತಾರೆ. ಕಟ್ಟೆ ಮಾತ್ರ ಪರವೂರಿನವರಿಗೆ ಮೀಸಲು. ಯಾರಾದರೂ ಸಿಗುವವರೆಗೆ ಗುರುಗಳು ಬೋಗುಣಿ ಹಿಡಿದು ರಸ್ತೆ ನೋಡುತ್ತ ನಿಂತಿರುತ್ತಾರೆ. ಕಳೆದ ವರ್ಷ ಸಿಕ್ಕವರು ಟೈರ್ ಪಂಕ್ಚರ್ ಆಗಿ ನಿಂತಿದ್ದ ಲಾರಿ ಚಾಲಕ. ಜನ ಸುತ್ತುವರಿದಾಗ ಹೆದರಿ ಕ್ಯಾಬಿನ್ ಹತ್ತಿ ಕುಳಿತರಂತೆ. ಸಂಜೆ ಪಂತಿಯಲ್ಲಿ ಎರಡು ಸಲ ಪಾಯಸ ಹಾಕಿಸಿಕೊಂಡರು.